ಟೋನಿ ಐಯೋಮಿ: ಬೆರಳು ತುಂಡಾಗಿದ್ದಕ್ಕೇ ಹೆವಿ ಮೆಟಲ್ ಹುಟ್ಟಿತಾ?

ತಂತಿ ಹರಿದವ
ಯಾವ ವಿಡಿಯೋ ನೋಡಿದರೂ ಒಂದೇ ಕಥೆ. ಬರ್ಮಿಂಗ್‌ಹ್ಯಾಮ್‌ನ ಹುಡುಗ ಟೋನಿ ಐಯೋಮಿ 17ನೇ ವಯಸ್ಸಿನಲ್ಲಿ ಕಾರ್ಖಾನೆಯಲ್ಲಿ ಎರಡು ಬೆರಳಿನ ತುದಿ ಕಳೆದುಕೊಂಡ. ನೋವಾಗಬಾರದು ಎಂದು ಗಿಟಾರ್ ತಂತಿ ಸಡಿಲ ಮಾಡಿದ. ಸಡಿಲ ಮಾಡಿದ್ದಕ್ಕೆ ಸದ್ದು ದಪ್ಪ ಆಯಿತು. ಹೆವಿ ಮೆಟಲ್ ಎಂಬ ಭಾರೀ ಸದ್ದಿನ ರಾಕ್ ಸಂಗೀತ ಹುಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿ.

ನನಗೆ ಇದು ಸ್ವಲ್ಪ ಜಾಸ್ತಿಯೇ ನೀಟಾಗಿದೆ ಅನಿಸುತ್ತದೆ. ಬೆರಳು ಕಳೆದುಕೊಂಡವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರೆಲ್ಲ ಇವನ ಹಾಗೆ ಬ್ಲ್ಯಾಕ್ ಸ್ಯಾಬತ್ ಬ್ಯಾಂಡ್ ಕಟ್ಟಲಿಲ್ಲ. ಬೆರಳು ಸರಿ ಇದ್ದಿದ್ದರೆ ಆ ಸದ್ದು ಬರುತ್ತಲೇ ಇರಲಿಲ್ಲವಾ? ಗಿಟಾರ್ ನುಡಿಸುವವರು ಹೇಳಿ. ಬರೀ ಕೇಳುವವರೂ ಹೇಳಿ, ಪರವಾಗಿಲ್ಲ.

ಹಳೇ ಕ್ಯಾಸೆಟ್
ಬರುತ್ತಿರಲಿಲ್ಲ. ಮುಗೀತು. ಚರ್ಚೆ ಬಂದ್ ಮಾಡಿ.

ಎಲ್ಲಕ್ಕೂ ಆಕ್ಷೇಪ
ಬಂದ್ ಮಾಡುವ ಮೊದಲು ಇದಕ್ಕೊಂದು ಉತ್ತರ ಕೊಡಿ. ಬ್ಲ್ಯಾಕ್ ಸ್ಯಾಬತ್‌ನ ಮೊದಲ ಆಲ್ಬಮ್ ಬಂದಿದ್ದು 1970ರ ಫೆಬ್ರವರಿ 13ಕ್ಕೆ. ಎರಡನೆಯದು ‘ಪ್ಯಾರನಾಯ್ಡ್’, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಎರಡರಲ್ಲೂ ಗಿಟಾರ್ ಮಾಮೂಲಿ ಶ್ರುತಿಯಲ್ಲೇ ಇದೆ. ತಂತಿ ಇಳಿಸಿದ್ದು 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ಯಲ್ಲಿ. ಅದರಲ್ಲೂ ಎಲ್ಲಾ ಹಾಡಿನಲ್ಲಿ ಅಲ್ಲ, ‘ಇನ್‌ಟು ದ ವಾಯ್ಡ್’ ತರಹದ ಕೆಲವದರಲ್ಲಿ ಮಾತ್ರ ಮೂರು ಸೆಮಿಟೋನ್ (ಅರ್ಧ ಸ್ವರ) ಕೆಳಗೆ, ಸಿ ಶಾರ್ಪ್‌ವರೆಗೆ.

ಅಂದರೆ ‘ಪ್ಯಾರನಾಯ್ಡ್’ ಆಲ್ಬಮ್‌ನ ‘ಐರನ್ ಮ್ಯಾನ್’ ಹಾಡು ಬಂದಾಗ ತಂತಿ ಇಳಿದೇ ಇರಲಿಲ್ಲ. ‘ವಾರ್ ಪಿಗ್ಸ್’ ಬಂದಾಗಲೂ ಇಲ್ಲ. ಹೆವಿ ಮೆಟಲ್ ಆಗಲೇ ಹುಟ್ಟಿ ಓಡಾಡುತ್ತಿತ್ತು. ಸಡಿಲ ತಂತಿಯಿಂದ ಹುಟ್ಟಿತು ಅನ್ನುವ ಕಥೆಗೆ ತಲೆಬುಡ ಎರಡೂ ಇಲ್ಲ.

ಡ್ರಮ್ಮರ್ ಹುಡುಗಿ
ನನಗೆ ಬೇರೆಯೇ ಡೌಟು. ಹೋಗಿದ್ದು ಬಲಗೈ ಬೆರಳು ಅಲ್ವಾ? ಬಲಗೈಯಲ್ಲಿ ಮೀಟುವುದು ತಾನೇ? ಪಿಕ್ (ಮೀಟುವ ಪುಟ್ಟ ಬಿಲ್ಲೆ) ಹಿಡಿಯೋಕೆ ಹೆಬ್ಬೆರಳು, ತೋರುಬೆರಳು ಇದ್ದರೆ ಸಾಕಲ್ಲ. ಇಷ್ಟು ಗಲಾಟೆ ಯಾಕೆ?

ಮಲೆನಾಡ್ ಮೆಟಲ್
ಐಯೋಮಿ ಎಡಚ. ಎಡಗೈಯಲ್ಲಿ ಮೀಟುತ್ತಾನೆ, ಬಲಗೈಯಲ್ಲಿ ತಂತಿ ಒತ್ತುತ್ತಾನೆ. ಹೋಗಿದ್ದು ಒತ್ತುವ ಕೈಯ ನಡುಬೆರಳು ಮತ್ತು ಉಂಗುರ ಬೆರಳಿನ ತುದಿ. ಅದಕ್ಕೇ ಗಲಾಟೆ.

ಹಳೇ ಕ್ಯಾಸೆಟ್
ಗ್ರೇಟ್‌ಫುಲ್ ಡೆಡ್‌ನ ಗಿಟಾರಿಸ್ಟ್ ಜೆರ್ರಿ ಗಾರ್ಸಿಯಾಗೂ ಇದೇ ಆಗಿತ್ತು. ಅವನೇನು ಮೆಟಲ್ ಮಾಡಿದನಾ?

ಮಲೆನಾಡ್ ಮೆಟಲ್
ಇದೇ ಆಗಿರಲಿಲ್ಲ. ಗಾರ್ಸಿಯಾಗೆ ಹೋಗಿದ್ದು ಬಲಗೈ ನಡುಬೆರಳು, ಅವನು ಬಲಗೈಯಲ್ಲೇ ಮೀಟುವವನು. ಒತ್ತುವ ಕೈ ಸರಿಯಾಗಿಯೇ ಇತ್ತು. ಹೋಲಿಕೆ ಬೇಕಿದ್ದರೆ ಜಾಂಗೋ ರೈನ್‌ಹಾರ್ಟ್ ಹೆಸರು ಹೇಳಿ. 1928ರಲ್ಲಿ ಅವನ ಬಂಡಿಮನೆಗೆ ಬೆಂಕಿ ಬಿದ್ದು ಎಡಗೈಯ ಉಂಗುರ ಬೆರಳು, ಕಿರುಬೆರಳು ಎರಡೂ ಮುರುಟಿಹೋದವು. ಉಳಿದ ಎರಡು ಬೆರಳಲ್ಲಿ ನುಡಿಸಿ ಯೂರೋಪಿನ ದೊಡ್ಡ ಜಾಜ್ ಗಿಟಾರಿಸ್ಟ್ ಆದ. ಐಯೋಮಿ ಬೆರಳು ಕಟ್ಟಿಸಿಕೊಂಡು, ಇನ್ನು ಗಿಟಾರ್ ಮುಗಿಯಿತು ಎಂದು ಮನೆಯಲ್ಲಿ ಕೂತಿದ್ದಾಗ ಆ ಕಾರ್ಖಾನೆಯ ಮ್ಯಾನೇಜರ್ ಬಂದು ಜಾಂಗೋ ರೆಕಾರ್ಡ್ ಕೊಟ್ಟು ಕೇಳಿಸಿದ. ಇದು ಐಯೋಮಿಯೇ ಎಷ್ಟೋ ಸಲ ಹೇಳಿಕೊಂಡಿರುವ ವಿಷಯ.

ಪೀಣ್ಯ ಫಿಟ್ಟರ್
ನಾನು ಪೀಣ್ಯದಲ್ಲಿ ಪ್ರೆಸ್ ಶಾಪ್ ಕೆಲಸ ಮಾಡಿದವನು. ಸಂಗೀತ ನನಗೆ ಅಷ್ಟಕ್ಕಷ್ಟೇ, ಮಗ ಈ ಬ್ಯಾಂಡ್ ಹಾಕಿಕೊಂಡು ಮನೆ ನಡುಗಿಸುತ್ತಾನೆ, ಹಾಗಾಗಿ ಗೊತ್ತು. ನೀವೆಲ್ಲ ‘ಬೆರಳು ತುಂಡಾಯಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೀರಿ. ಅದು ಹೇಗಾಯಿತು ಎಂದು ನೋಡಿ.

ಅವರು ಅಲ್ಲಿ ವೆಲ್ಡರ್. ಪ್ರೆಸ್ ಮೆಷಿನ್‌ನಲ್ಲಿ ತಗಡು ಬಗ್ಗಿಸಿ ಕೊಡುವವರು ಬೇರೆ, ಆ ತುಂಡುಗಳು ಬಂದಮೇಲೆ ಇವರು ವೆಲ್ಡ್ ಮಾಡಬೇಕು. ಅವತ್ತು ಪ್ರೆಸ್ಸಿನವರು ರಜ. ಇವರನ್ನೇ ಮೆಷಿನ್ ಮುಂದೆ ನಿಲ್ಲಿಸಿದರು. ಅದು ಅವರ ಕೊನೆಯ ದಿನ ಬೇರೆ. ಒಂದು ಬ್ಯಾಂಡ್ ಜೊತೆ ಯೂರೋಪ್ ಟೂರ್ ಹೋಗುವುದಿತ್ತು, ಅದಕ್ಕೇ ಕೆಲಸ ಬಿಟ್ಟಿದ್ದರು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ವಾಪಸ್ ಹೋಗಲ್ಲ ಅಂದರಂತೆ. ತಾಯಿ, ಒಪ್ಪಿಕೊಂಡ ಕೆಲಸ ಮುಗಿಸಿ ಬಾ ಎಂದು ಕಳಿಸಿದರು. ಹೋದರು. ಮೆಷಿನ್ ಕೈ ಮೇಲೆ ಇಳಿಯಿತು. ಗಾಬರಿಯಲ್ಲಿ ಕೈ ಹಿಂದಕ್ಕೆ ಎಳೆದುಕೊಂಡರು. ಎಳೆದಿದ್ದಕ್ಕೆ ತುದಿಗಳು ಕಿತ್ತು ಬಂದವು.

ಪ್ರೆಸ್ ಮೇಲೆ ಹೊಸಬರನ್ನು ನಿಲ್ಲಿಸಬಾರದು ಎನ್ನುವುದು ಇದಕ್ಕೇ. ಕಾಲಲ್ಲಿ ಪೆಡಲ್ ಒತ್ತುವುದು, ಕೈಯಲ್ಲಿ ತಗಡು ತಳ್ಳುವುದು. ಈ ಎರಡರ ತಾಳ ಕೂಡಿ ಬರೋಕೆ ತಿಂಗಳುಗಟ್ಟಲೆ ಬೇಕು. ಕೂಡಲಿಲ್ಲವೋ, ಡೈ (ಮೇಲಿಂದ ಇಳಿಯುವ ಅಚ್ಚು) ನಿಮಗಾಗಿ ಕಾಯುವುದಿಲ್ಲ. ಈಗೆಲ್ಲ ಎರಡೂ ಕೈಯಲ್ಲಿ ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯುವ ಮೆಷಿನ್ ಇವೆ, ಕೈ ಒಳಗೆ ಇರಲು ಸಾಧ್ಯವೇ ಇಲ್ಲ. ಆದರೆ ನಾನಿದ್ದ ಒಂದು ಶೆಡ್‌ನಲ್ಲಿ ಬೇಗ ಬೇಗ ಪೀಸ್ ಬೀಳಲಿ ಎಂದು ಒಂದು ಬಟನ್ ಸಂದಿಗೆ ಬೆಂಕಿಕಡ್ಡಿ ತುರುಕಿ ಯಾವಾಗಲೂ ಒತ್ತಿಯೇ ಇರುವ ಹಾಗೆ ಮಾಡಿದ್ದರು. ಅಲ್ಲಿ ಬೆರಳು ಕಳೆದುಕೊಂಡವರಿಗೆ ಯಾರೂ ರೆಕಾರ್ಡ್ ತಂದು ಕೊಡಲಿಲ್ಲ.

ಡ್ರಮ್ಮರ್ ಹುಡುಗಿ
ಓದಿ ಕೈ ಜುಮ್ಮೆಂದಿತು. ಅಮ್ಮ ಕಳಿಸಿದ್ದು ಅನ್ನುವುದು ಗೊತ್ತೇ ಇರಲಿಲ್ಲ.

ತಂತಿ ಹರಿದವ
@ಪೀಣ್ಯ ಫಿಟ್ಟರ್ ಬಹಳ ಥ್ಯಾಂಕ್ಸ್ ಸಾರ್. ಬಟನ್‌ಗೆ ಕಡ್ಡಿ ತುರುಕಿದವರ ಮೇಲೆ ಕೇಸ್ ಆಗಬೇಕಿತ್ತು.

ಪೀಣ್ಯ ಫಿಟ್ಟರ್
ಆಗಬೇಕಿತ್ತು. ಆಗಲಿಲ್ಲ. ನಿಮ್ಮ ಗಿಟಾರ್ ವಿಷಯ ಮುಂದುವರಿಸಿ.

ಮಲೆನಾಡ್ ಮೆಟಲ್
ಆಕ್ಷೇಪದವರು ಶ್ರುತಿ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಅದರಿಂದ ಬೆರಳಿಗೂ ಸದ್ದಿಗೂ ಸಂಬಂಧ ಇಲ್ಲ ಎಂದಾಗುವುದಿಲ್ಲ. ಸಂಬಂಧ ಬೇರೆ ಕಡೆ ಇದೆ. ಉದ್ದ ಆಗುತ್ತದೆ, ತಾಳ್ಮೆ ಇದ್ದವರು ಓದಿ.

ತುದಿ ಹೋದಮೇಲೆ ಚರ್ಮದ ಕೆಳಗೆ ಸೀದಾ ಮೂಳೆ. ಉಕ್ಕಿನ ತಂತಿ ಒತ್ತಿದರೆ ಜೀವ ಹೋಗುತ್ತದೆ. ಡಾಕ್ಟರ್ ಬೇರೆ ಕಸುಬು ನೋಡಿಕೋ ಅಂದರು. ಇವನು ಪಾತ್ರೆ ತೊಳೆಯುವ ಫೇರಿ ಲಿಕ್ವಿಡ್‌ನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಉಂಡೆ ಮಾಡಿದ. ಸೋಲ್ಡರಿಂಗ್ ಐರನ್ ಕಾಯಿಸಿ ಅದರಲ್ಲಿ ಬೆರಳು ಹೋಗುವಷ್ಟು ತೂತು ಕೊರೆದ. ಉಪ್ಪು ಕಾಗದದಲ್ಲಿ ಉಜ್ಜಿ ಉಜ್ಜಿ ಬೆರಳ ತುದಿಯ ಆಕಾರಕ್ಕೆ ತಂದ. ಹಾಕಿಕೊಂಡು ನುಡಿಸಿದರೆ ಪ್ಲಾಸ್ಟಿಕ್ ತಂತಿಯ ಮೇಲೆ ಜಾರುತ್ತಿತ್ತು. ಆಮೇಲೆ ಹಳೇ ಲೆದರ್ ಜಾಕೆಟ್‌ನ ಚೂರು ಕತ್ತರಿಸಿ ಅಂಟಿಸಿದ. ಹೊಸದರಲ್ಲಿ ಅದೂ ಸರಿ ಬರಲಿಲ್ಲ, ಚರ್ಮ ಸವೆದು ನುಣುಪಾದ ಮೇಲೆ ತಂತಿ ಹಿಡಿತಕ್ಕೆ ಸಿಕ್ಕಿತು. ಬೆರಳ ಟೋಪಿಗೆ ಚರ್ಮ ಅಂಟಿಸಿಕೊಳ್ಳುವ ಆ ಪದ್ಧತಿಯನ್ನು ಮುಂದೆಯೂ ಬಿಡಲಿಲ್ಲ.

ಈಗ ಅಸಲಿ ವಿಷಯ. ಟೋಪಿ ಹಾಕಿದ ಬೆರಳಿಗೆ ತಂತಿ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಎಷ್ಟು ಒತ್ತಿದೆ ಎಂದೂ ಗೊತ್ತಾಗುವುದಿಲ್ಲ. ಎಲ್ಲಾ ಕಿವಿ ಮೇಲೆಯೇ ನಡೆಯಬೇಕು. ನಾಲ್ಕು ಬೆರಳು ಹರಡಿ ಹಿಡಿಯುವ ದೊಡ್ಡ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಕಷ್ಟ. ಹಾಗಾಗಿ ಎರಡು ಮೂರು ತಂತಿಯ ಪವರ್ ಕಾರ್ಡ್, ತೋರುಬೆರಳು ಮತ್ತು ಕಿರುಬೆರಳಿಗೆ ಜಾಸ್ತಿ ಕೆಲಸ, ಒಂದೊಂದು ಸ್ವರವನ್ನೂ ಪೂರ್ತಿ ಮೊಳಗಲು ಬಿಡುವುದು. ಕಡಿಮೆ ಸ್ವರದಲ್ಲಿ ಜಾಸ್ತಿ ಜಾಗ ತುಂಬಬೇಕು. ಅವನ ರಿಫ್‌ಗಳಲ್ಲಿ, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳಲ್ಲಿ ಇರುವುದು ಇದೇ. ಶ್ರುತಿ ಇಳಿಸಿದ್ದು ಇದಾದಮೇಲೆ ಬಂದಿದ್ದು.

ಎಲ್ಲಕ್ಕೂ ಆಕ್ಷೇಪ
ಪವರ್ ಕಾರ್ಡ್ ಐಯೋಮಿಗಿಂತ ಮೊದಲೇ ಇತ್ತು. ಗಿಟಾರಿಸ್ಟ್ ಲಿಂಕ್ ರೇ 1958ರಲ್ಲೇ ಬಾರಿಸಿದ್ದ. ಕಿಂಕ್ಸ್ ಬ್ಯಾಂಡ್‌ನ ಡೇವ್ ಡೇವಿಸ್ 1964ರಲ್ಲಿ ಬಾರಿಸಿದ್ದ. ಅವರ ಬೆರಳೆಲ್ಲ ಇದ್ದ ಕಡೆಯೇ ಇದ್ದವು.

ಮಲೆನಾಡ್ ಮೆಟಲ್
ಪವರ್ ಕಾರ್ಡ್ ಕಂಡುಹಿಡಿದ ಅಂತ ಎಲ್ಲಿ ಹೇಳಿದೆ ಮಾರಾಯ್ರೇ. ಅದನ್ನೇ ನಂಬಿ ಬದುಕಬೇಕಾದವನು ಅದರಿಂದ ಏನು ಮಾಡಿದ ಎಂದು ಹೇಳಿದ್ದು.

ವೀಣೆ ಮನೆ
ತಂತಿ ವಿಷಯ ಬಂದಿದ್ದಕ್ಕೆ ಕೇಳುತ್ತೇನೆ. ಆಗ ತೆಳು ತಂತಿ ಸಿಗುತ್ತಿರಲಿಲ್ಲವಾ? ವೀಣೆಗಾದರೆ ಬೇಕಾದ ಗೇಜ್ (ದಪ್ಪ) ತಂದು ಕಟ್ಟಿಕೊಳ್ಳುತ್ತೇವೆ.

ಮಲೆನಾಡ್ ಮೆಟಲ್
ಇಂಗ್ಲೆಂಡಿನಲ್ಲಿ ಆಗ ತೆಳು ತಂತಿಯ ಸೆಟ್ ಅಂತ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಇವನು ಬ್ಯಾಂಜೋ ತಂತಿ ತಂದು ಮೇಲಿನ ಸ್ವರದ ಎರಡು ತಂತಿಗಳ ಜಾಗಕ್ಕೆ ಹಾಕಿದ. ಉಳಿದ ಗಿಟಾರ್ ತಂತಿಗಳನ್ನು ಒಂದೊಂದು ಸ್ಥಾನ ಕೆಳಕ್ಕೆ ಸರಿಸಿದ. ಅಂದರೆ ದಪ್ಪ ಇ ತಂತಿ ಇರಬೇಕಾದ ಜಾಗದಲ್ಲಿ ಅದಕ್ಕಿಂತ ತೆಳುವಾದ ಎ ತಂತಿ. ತಂತಿ ಕಂಪನಿಗಳ ಬಳಿ ಹೋಗಿ ತೆಳು ಸೆಟ್ ಮಾಡಿಕೊಡಿ ಅಂದರೆ ಯಾರೂ ಕೊಳ್ಳುವುದಿಲ್ಲ ಎಂದು ಸಾಗಹಾಕಿದರು. ಕೊನೆಗೆ ವೇಲ್ಸ್‌ನ ಪಿಕಾಟೋ ಕಂಪನಿ ಮಾಡಿಕೊಟ್ಟಿತು. ಈಗ ಅಂಗಡಿಗೆ ಹೋದರೆ ತೆಳು ಸೆಟ್ಟೇ ಜಾಸ್ತಿ ಖರ್ಚಾಗುವುದು.

ಎಲ್ಲಕ್ಕೂ ಆಕ್ಷೇಪ
ನೋಡಿ, ಇಲ್ಲೇ ನಿಮ್ಮ ವಾದ ಉಲ್ಟಾ ಹೊಡೆಯಿತು. ತೆಳು ತಂತಿ ಹಾಕಿದರೆ ಸದ್ದು ತೆಳ್ಳಗಾಗಬೇಕು. ಬೆರಳಿನಿಂದ ಬಂದಿದ್ದು ತೆಳು ತಂತಿ. ಹಾಗಾದರೆ ದಪ್ಪ ಸದ್ದು ಎಲ್ಲಿಂದ ಬಂತು?

ನಾನು ಹೇಳುತ್ತೇನೆ. ಆಂಪ್ (ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್) ಮತ್ತು ಗಿಟಾರ್‌ನಿಂದ. ಬರ್ಮಿಂಗ್‌ಹ್ಯಾಮ್‌ನದೇ ಲೇನಿ ಆಂಪ್, ಅದರ ಮುಂದೆ ಡಲ್ಲಾಸ್ ರೇಂಜ್‌ಮಾಸ್ಟರ್ ಅನ್ನುವ ಟ್ರೆಬಲ್ ಬೂಸ್ಟರ್ (ಮೇಲಿನ ಸ್ವರಗಳನ್ನು ಜೋರು ಮಾಡುವ) ಡಬ್ಬಿ. ಇನ್ನೊಂದು ಕಾರಣ ಶುದ್ಧ ಅದೃಷ್ಟ. ಮೊದಲ ಆಲ್ಬಮ್‌ಗೆ ಐಯೋಮಿ ತಂದಿದ್ದು ಬಿಳಿ ಫೆಂಡರ್ ಸ್ಟ್ರಾಟೋಕಾಸ್ಟರ್. ‘ವಿಕೆಡ್ ವರ್ಲ್ಡ್’ ಒಂದು ಹಾಡು ಮುಗಿಸುವಷ್ಟರಲ್ಲಿ ಅದರ ಪಿಕಪ್, ಅಂದರೆ ತಂತಿಯ ಕಂಪನ ಹಿಡಿಯುವ ಭಾಗ, ಕೈ ಕೊಟ್ಟಿತು. ಸುಮ್ನೆ ಇರಲಿ ಎಂದು ಸ್ಪೇರ್ ತಂದಿದ್ದ ಗಿಬ್ಸನ್ ಎಸ್‌ಜಿಯಲ್ಲಿ ಉಳಿದದ್ದೆಲ್ಲ ನುಡಿಸಿದ. ಸ್ಟ್ರಾಟ್ ಸರಿ ಇದ್ದಿದ್ದರೆ ಆ ದಪ್ಪ ಸದ್ದು ಆ ಆಲ್ಬಮ್‌ನಲ್ಲಿ ಇರುತ್ತಿರಲಿಲ್ಲ. ಕಾರ್ಖಾನೆ ಅಪಘಾತಕ್ಕಿಂತ ಈ ಪಿಕಪ್ ಅಪಘಾತ ದೊಡ್ಡದು ಎನ್ನುತ್ತೇನೆ.

ಹಳೇ ಕ್ಯಾಸೆಟ್
ಕೋತಿ ಸ್ಟಿಕ್ಕರ್ ಇರುವ ಕೆಂಪು ಗಿಟಾರ್ ತಾನೇ? ಕೋತಿ ಪಿಟೀಲು ಬಾರಿಸುವ ಚಿತ್ರ. ಅದಕ್ಕೆ ‘ಮಂಕಿ’ ಎಂದೇ ಹೆಸರು. 2020ರಲ್ಲಿ ಗಿಬ್ಸನ್‌ನವರು ಅದರ ನಕಲು ಮಾಡಿ ಮಾರಿದರು, ಅದರ ಬೆಲೆಗೆ ನಮ್ಮ ಕಡೆ ಸೈಟ್‌ಗೆ ಅಡ್ವಾನ್ಸ್ ಕೊಡಬಹುದಿತ್ತು.

ವೀಣೆ ಮನೆ
ಆ ಆಲ್ಬಮ್ ಒಂದೇ ದಿನದಲ್ಲಿ ಮುಗಿಸಿದ್ದು ನಿಜವಾ?

ಎಲ್ಲಕ್ಕೂ ಆಕ್ಷೇಪ
ನಿಜ. 1969ರ ಅಕ್ಟೋಬರ್, ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋ, ಪ್ರೊಡ್ಯೂಸರ್ ರಾಜರ್ ಬೇನ್. ಸ್ಟೇಜ್ ಮೇಲೆ ನುಡಿಸುತ್ತಿದ್ದದ್ದನ್ನೇ ಒಂದು ದಿನ ನುಡಿಸಿ ಹೋದರು, ಮಿಕ್ಸಿಂಗ್ ಅವರಿಲ್ಲದೆ ಆಯಿತು. ಮಳೆ, ಗುಡುಗು, ಗಂಟೆ ಸದ್ದೆಲ್ಲ ಆಮೇಲೆ ಸೇರಿಸಿದ್ದು. ಬ್ರಿಟನ್ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಏರಿತು. ಬರೆಯುವವರು ಆಗ ಚೆನ್ನಾಗಿ ಉಗಿದಿದ್ದರು, ಈಗ ಅವರ ಮೊಮ್ಮಕ್ಕಳು ಹೊಗಳುತ್ತಿದ್ದಾರೆ.

ವೀಣೆ ಮನೆ
ಆ ಮೊದಲ ಹಾಡಿನ ಬಗ್ಗೆ ನನ್ನದೊಂದು ತಕರಾರು ಇದೆ. ಬ್ಯಾಂಡ್ ಹೆಸರಿನದೇ ಹಾಡು. ಮೂರೇ ಸ್ವರ. ಜಿ, ಅದರ ಮೇಲಿನ ಜಿ, ಆಮೇಲೆ ಸಿ ಶಾರ್ಪ್. ಜಿಯನ್ನು ಷಡ್ಜ ಇಟ್ಟುಕೊಂಡರೆ ಸಿ ಶಾರ್ಪ್ ನಮ್ಮ ಪ್ರತಿ ಮಧ್ಯಮ. ಇದನ್ನು ಸೈತಾನನ ಸ್ವರ, ಚರ್ಚ್ ನಿಷೇಧ ಮಾಡಿತ್ತು ಎಂದು ಎಲ್ಲಾ ಕಡೆ ಬರೆಯುತ್ತಾರೆ. ನಾವು ಕಲ್ಯಾಣಿಯಲ್ಲಿ ಬೆಳಗಾದರೆ ಇದನ್ನೇ ಹಾಡುವುದು. ಯಾವ ಸೈತಾನನೂ ಬಂದಿಲ್ಲ, ಕಾಫಿ ಬರುತ್ತದೆ.

ಹಾಗಾದರೆ ಆ ಹಾಡು ಕೇಳಿದಾಗ ಎದೆ ಯಾಕೆ ಧಸಕ್ ಎನ್ನುತ್ತದೆ ಎಂದು ಕೂತು ಯೋಚಿಸಿದೆ. ಕಲ್ಯಾಣಿಯಲ್ಲಿ ಮಧ್ಯಮಕ್ಕೆ ಪಂಚಮದ ಆಸರೆ ಇದೆ. ಹಿಂದೆ ತಂಬೂರಿಯಲ್ಲಿ ಪಂಚಮ ಮೊಳಗುತ್ತಲೇ ಇರುತ್ತದೆ, ಮಧ್ಯಮ ಅಲ್ಲಿಗೆ ಹೋಗಿ ಸೇರುತ್ತದೆ. ಐಯೋಮಿ ಪಂಚಮಕ್ಕೆ ಹೋಗುವುದೇ ಇಲ್ಲ. ಮಧ್ಯಮದ ಮೇಲೆ ನಿಂತು ಟ್ರಿಲ್ ಹೊಡೆಯುತ್ತಾನೆ, ಅಲ್ಲಾಡಿಸುತ್ತಾನೆ, ಹಾಗೇ ಬಿಟ್ಟು ವಾಪಸ್ ಷಡ್ಜಕ್ಕೆ ಬರುತ್ತಾನೆ. ಕಾಲಿಟ್ಟ ಕಡೆ ಮೆಟ್ಟಿಲು ಇಲ್ಲದ ಹಾಗೆ. ಜೊತೆಗೆ ಆಮೆ ನಡಿಗೆಯ ಕಾಲ. ಹೆದರಿಕೆ ಸ್ವರದಲ್ಲಿ ಇಲ್ಲ, ಅದನ್ನು ಅನಾಥ ಮಾಡಿ ನಿಲ್ಲಿಸಿದ್ದರಲ್ಲಿ ಇದೆ.

ಡ್ರಮ್ಮರ್ ಹುಡುಗಿ
ಇದು ಸೂಪರ್. ಈಗ ಮತ್ತೆ ಕೇಳಿದೆ, ಹೌದು, ಪಂಚಮಕ್ಕೆ ಹೋಗಲಿ ಹೋಗಲಿ ಎಂದು ಮನಸ್ಸು ಕಾಯುತ್ತದೆ.

ಎಲ್ಲಕ್ಕೂ ಆಕ್ಷೇಪ
ಚರ್ಚ್ ನಿಷೇಧದ ಕಥೆಯೂ ಹೊಗೆಯೇ. ಹಾಡುವುದಕ್ಕೆ ಕಷ್ಟ, ಕಿವಿಗೆ ಒರಟು ಎಂದು ದೂರ ಇಡುತ್ತಿದ್ದರು, ಅಷ್ಟೇ. ಮತ್ತೆ ಆ ರಿಫ್‌ಗೆ ಕಿಡಿ ಹಚ್ಚಿದ್ದು ಬೇಸ್ ನುಡಿಸುವ ಗೀಜರ್ ಬಟ್ಲರ್. ಹೋಲ್ಸ್ಟ್‌ನ ‘ಮಾರ್ಸ್’ ಎಂಬ ಆರ್ಕೆಸ್ಟ್ರಾ ಕೃತಿಯನ್ನು ಬೇಸ್‌ನಲ್ಲಿ ನುಡಿಸಿಕೊಂಡು ಕೂತಿದ್ದ, ಐಯೋಮಿ ಅಲ್ಲಿಂದ ಎತ್ತಿಕೊಂಡ.

ಬ್ರಮ್ಮಿ ಕನ್ನಡಿಗ
ಬರ್ಮಿಂಗ್‌ಹ್ಯಾಮ್‌ನಿಂದ ಬರೆಯುತ್ತಿದ್ದೇನೆ, ಕೆಲಸದ ಮೇಲೆ ಬಂದು ಇಲ್ಲೇ ಉಳಿದವನು. ಐಯೋಮಿ ಹುಟ್ಟಿದ್ದು 1948ರ ಫೆಬ್ರವರಿ 19ಕ್ಕೆ, ಹ್ಯಾಂಡ್ಸ್‌ವರ್ತ್‌ನಲ್ಲಿ. ಇಟಲಿ ಮೂಲದ ಕುಟುಂಬ, ಒಬ್ಬನೇ ಮಗ, ಆಸ್ಟನ್‌ನಲ್ಲಿ ಅಪ್ಪ ಅಮ್ಮನದು ಅಂಗಡಿ. ಈಗ ಹ್ಯಾಂಡ್ಸ್‌ವರ್ತ್‌ನ ಸೋಹೊ ರೋಡ್‌ಗೆ ಹೋದರೆ ಜಿಲೇಬಿ ಅಂಗಡಿ, ಸೀರೆ ಅಂಗಡಿ, ಪಂಜಾಬಿಗಳದ್ದೇ ರಾಜ್ಯ. ನಾನು ಕೊತ್ತಂಬರಿ ಸೊಪ್ಪು ತರುವುದೂ ಅಲ್ಲಿಂದಲೇ.

ಊರಿನ ಮಧ್ಯೆ ಬ್ರಾಡ್ ಸ್ಟ್ರೀಟ್‌ನಲ್ಲಿ ಕಾಲುವೆ ದಾಟುವ ಸೇತುವೆಗೆ ‘ಬ್ಲ್ಯಾಕ್ ಸ್ಯಾಬತ್ ಬ್ರಿಡ್ಜ್’ ಎಂದೇ ಹೆಸರು. ಅಲ್ಲೊಂದು ಬೆಂಚು, ಅದರ ಮೇಲೆ ಬ್ಯಾಂಡಿನ ನಾಲ್ವರ ಮುಖ. 2019ರಲ್ಲಿ ಐಯೋಮಿ ಮತ್ತು ಗೀಜರ್ ಬಂದು ಉದ್ಘಾಟನೆ ಮಾಡಿದ್ದು. 2025ರ ಜುಲೈ 30ಕ್ಕೆ ಬ್ಯಾಂಡಿನ ಗಾಯಕ ಓಜಿ ಆಸ್ಬೋರ್ನ್‌ನ ಶವಯಾತ್ರೆ ಆ ಸೇತುವೆ ಹತ್ತಿರ ನಿಂತಿತು. ನಾನು ಹಿಂದೆ ಎಲ್ಲೋ ಇದ್ದೆ, ಮುಂದೆ ಬ್ರಾಸ್ ಬ್ಯಾಂಡ್‌ನವರು ಸ್ಯಾಬತ್ ಹಾಡು ಬಾರಿಸುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು, ಅವರನ್ನೆಲ್ಲ ಕೂದಲು ಬಿಟ್ಟ ಪುಂಡರು ಎಂದು ನಮ್ಮಪ್ಪ ಬೈಯುತ್ತಿದ್ದರು ಅಂದರು. ಈಗ ಊರೇ ಅವರನ್ನು ತಲೆ ಮೇಲೆ ಹೊತ್ತುಕೊಂಡಿದೆ. 2023ರಲ್ಲಿ ಇಲ್ಲಿನ ರಾಯಲ್ ಬ್ಯಾಲೆಯವರು ಸ್ಯಾಬತ್ ಹಾಡುಗಳ ಮೇಲೆ ಬ್ಯಾಲೆ ಮಾಡಿದರು. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದ ಮುಕ್ತಾಯಕ್ಕೆ ಯಾರಿಗೂ ಹೇಳದೆ ಐಯೋಮಿ ಮತ್ತು ಓಜಿ ಸ್ಟೇಜ್ ಕೆಳಗಿನಿಂದ ಮೇಲೆ ಬಂದರು.

ನಿಮ್ಮ ಜಗಳಕ್ಕೆ ನನ್ನ ಉತ್ತರ: ಬೆರಳೂ ಅಲ್ಲ, ಪಿಕಪ್ಪೂ ಅಲ್ಲ, ಈ ಊರು. ಆಗ ಇಲ್ಲಿ ಹಗಲೂ ರಾತ್ರಿ ಲೋಹ ಬಡಿಯುತ್ತಿದ್ದರು. ಹುಡುಗ ಸ್ಕೂಲ್ ಬಿಟ್ಟರೆ ಸೀದಾ ಕಾರ್ಖಾನೆ. ಗೀಜರ್‌ನದು ಅಕೌಂಟ್ಸ್ ಕೆಲಸ, ಅವನೊಬ್ಬ ಬಚಾವ್. ಓಜಿ ಕಸಾಯಿಖಾನೆಯಲ್ಲೂ ದುಡಿದಿದ್ದ.

ಹಳೇ ಕ್ಯಾಸೆಟ್
ಅದೇ ಊರಿನಲ್ಲಿ ಮೂಡಿ ಬ್ಲೂಸ್ ಬ್ಯಾಂಡ್ ಕೂಡ ಹುಟ್ಟಿದ್ದು. ಅವರು ಯಾಕೆ ಅಷ್ಟು ಮೆತ್ತಗೆ ಹಾಡಿದರು?

ಬ್ರಮ್ಮಿ ಕನ್ನಡಿಗ
ಅವರ ಮನೆ ಹತ್ತಿರ ಕಾರ್ಖಾನೆ ಇರಲಿಲ್ಲವೇನೋ. 😄

ಮಲೆನಾಡ್ ಮೆಟಲ್
ಊರು, ಬೆರಳು, ಪಿಕಪ್ ಎಲ್ಲ ಇರಲಿ. ಇನ್ನೊಂದನ್ನು ಯಾರೂ ಹೇಳಲಿಲ್ಲ. 1968ರ ಡಿಸೆಂಬರ್‌ನಲ್ಲಿ ಐಯೋಮಿ ಕೆಲವೇ ವಾರ ಜೆಥ್ರೋ ಟಲ್ ಬ್ಯಾಂಡಿನಲ್ಲಿದ್ದ. ರೋಲಿಂಗ್ ಸ್ಟೋನ್ಸ್‌ನವರು ಮಾಡಿದ ಸರ್ಕಸ್ ಕಾರ್ಯಕ್ರಮದಲ್ಲಿ ಬಿಳಿ ಟೋಪಿ ಹಾಕಿಕೊಂಡು ನಿಂತಿರುವುದು ಇವನೇ, ಅದೂ ನುಡಿಸಿದಂತೆ ನಟಿಸುತ್ತಾ. ಅಲ್ಲೇ ಇದ್ದಿದ್ದರೆ ದುಡ್ಡು, ಹೆಸರು ಎರಡೂ ಗ್ಯಾರಂಟಿ. ಬಿಟ್ಟು ಆಸ್ಟನ್‌ನ ಹುಡುಗರ ಹತ್ತಿರ ವಾಪಸ್ ಬಂದ. ಬರುವಾಗ ಒಂದು ಪಾಠ ತಂದ. ಆ ಬ್ಯಾಂಡಿನ ನಾಯಕ ಇಯಾನ್ ಆಂಡರ್ಸನ್ ಬೆಳಿಗ್ಗೆ ಆಫೀಸಿಗೆ ಹೋದ ಹಾಗೆ ರಿಹರ್ಸಲ್ ಮಾಡಿಸುತ್ತಿದ್ದ. ಇವನೂ ಬಂದವನೇ, ನಾಳೆಯಿಂದ ಬೆಳಿಗ್ಗೆ 9 ಗಂಟೆಗೆ ಎಲ್ಲರೂ ಹಾಜರ್ ಎಂದ. ಮೂವರನ್ನೂ ಹಾಸಿಗೆಯಿಂದ ಎಬ್ಬಿಸಿ ವ್ಯಾನಿಗೆ ತುಂಬಿಕೊಂಡು ಬರುವುದೂ ಇವನದೇ ಕೆಲಸ.

ಸ್ಯಾಬತ್ ಸದ್ದಿಗೆ ಬೆರಳು ಒಂದು ಕಾರಣ ಇರಬಹುದು. ಸ್ಯಾಬತ್ ಎಂಬ ಬ್ಯಾಂಡ್ ಇರುವುದಕ್ಕೆ ಈ ಬೆಳಿಗ್ಗೆ 9 ಗಂಟೆಯೇ ಕಾರಣ. ‘ಪ್ಯಾರನಾಯ್ಡ್’ ಹಾಡು ನೋಡಿ. ಆಲ್ಬಮ್‌ಗೆ ಮೂರು ನಿಮಿಷ ಕಮ್ಮಿ ಬಿತ್ತು. ಉಳಿದವರು ಊಟಕ್ಕೆ ಹೋದರು, ಇವನು ಕೂತು ರಿಫ್ ಹುಡುಕಿದ. ಅದು ಅವರ ದೊಡ್ಡ ಹಿಟ್ ಆಯಿತು.

ಡ್ರಮ್ಮರ್ ಹುಡುಗಿ
ಶಿಸ್ತಿನ ಸಿಪಾಯಿ ಎಂದು ಹೊಗಳುವವರು ಸ್ಯಾಬತ್ ಡ್ರಮ್ಮರ್ ಬಿಲ್ ವಾರ್ಡ್ ಬಗ್ಗೆಯೂ ಹೇಳಿ. ‘ಹೆವನ್ ಅಂಡ್ ಹೆಲ್’ ಆಲ್ಬಮ್ ರೆಕಾರ್ಡಿಂಗ್ ಕಾಲದಲ್ಲಿ ತಮಾಷೆಗೆ ಅಂತ ಬಿಲ್ ಮೇಲೆ ಟೇಪ್ ಕ್ಲೀನ್ ಮಾಡುವ ದ್ರಾವಣ ಸುರಿದು ಬೆಂಕಿ ಹಚ್ಚಿದ್ದು ಇದೇ ಐಯೋಮಿ. ಪಾಪ, ಕಾಲೆಲ್ಲ ಸುಟ್ಟು ಆಸ್ಪತ್ರೆ ಸೇರಿದ. ಆಮೇಲೆ 2012ರಲ್ಲಿ ಬ್ಯಾಂಡ್ ಮತ್ತೆ ಸೇರುವಾಗ ಕಾಂಟ್ರ್ಯಾಕ್ಟ್ ಸರಿ ಇಲ್ಲ ಎಂದು ಬಿಲ್ ಹೊರಗುಳಿದ. 2017ರ ಕೊನೇ ಟೂರ್‌ನಲ್ಲೂ ಇಲ್ಲ. ಜಾಜ್ ಕೇಳಿ ಬೆಳೆದ ಡ್ರಮ್ಮರ್ ಅವನು, ಅವನ ಸ್ವಿಂಗ್ ಇಲ್ಲದಿದ್ದರೆ ಐಯೋಮಿ ರಿಫ್‌ಗಳು ಹೆಣಭಾರ. ಡ್ರಮ್ಮರ್‌ಗಳನ್ನು ಯಾವಾಗಲೂ ಹೀಗೇ ಮಾಡುವುದು.

ಎಲ್ಲಕ್ಕೂ ಆಕ್ಷೇಪ
ಮೊದಲ ಸಲ ಆಕ್ಷೇಪ ಇಲ್ಲ. ಬ್ಯಾಂಡ್ ಹೆಸರು ಯಾರದ್ದು ಎಂದು 2009ರಲ್ಲಿ ಓಜಿ ಇವನ ಮೇಲೆ ಕೇಸ್ ಹಾಕಿದ್ದೂ ಇದೆ, 2010ರಲ್ಲಿ ರಾಜಿ ಆಯಿತು.

ಮಲೆನಾಡ್ ಮೆಟಲ್
ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಹೆಸರಿನ ವಿಷಯದಲ್ಲಿ ಒಂದು ಮಾತು. 1979ರಲ್ಲಿ ಓಜಿ ಹೋದ. ಗಾಯಕ ಡಿಯೋ ಬಂದ, ಹೋದ, ಬಂದ, ಹೋದ. ಇನ್ನೊಬ್ಬ ಗಾಯಕ ಗಿಲ್ಲನ್ ಒಂದು ವರ್ಷ. ಗೀಜರ್ ಆಗಾಗ ಮಾಯ. ಸ್ಯಾಬತ್‌ನ ಎಲ್ಲಾ ಆಲ್ಬಮ್‌ನಲ್ಲೂ ಇರುವವನು ಐಯೋಮಿ ಒಬ್ಬನೇ. 2012ರ ಜನವರಿಯಲ್ಲಿ ಅವನಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾಯಿತು. ಕೀಮೋ ಮಧ್ಯೆಯೇ ‘13’ ಆಲ್ಬಮ್‌ಗೆ ರಿಫ್ ಬರೆದ. ಟೂರ್ ತಾರೀಕುಗಳನ್ನೇ ಅವನ ಟ್ರೀಟ್‌ಮೆಂಟ್‌ಗೆ ಹೊಂದಿಸಿ ಇಟ್ಟಿದ್ದರು. ಆ ಆಲ್ಬಮ್ 2013ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ‘ಪ್ಯಾರನಾಯ್ಡ್’ ಆದಮೇಲೆ ಹತ್ತಿರ ಹತ್ತಿರ 43 ವರ್ಷಕ್ಕೆ.

ಮತ್ತೆ ಬಿಲ್ ವಾರ್ಡ್ 2025ರ ಜುಲೈ 5ಕ್ಕೆ ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಸ್ಟೇಡಿಯಂಗೆ ಬಂದನಲ್ಲ. ನಾಲ್ವರೂ ಒಟ್ಟಿಗೆ ನುಡಿಸಿದರು, 2005ರ ನಂತರ ಮೊದಲ ಸಲ. ನಾಲ್ಕು ಹಾಡು. ಓಜಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ ಹಾಡಿದ. 17 ದಿನಕ್ಕೆ ತೀರಿಕೊಂಡ.

ಹಳೇ ಕ್ಯಾಸೆಟ್
ಅವತ್ತು ಮೆಟಾಲಿಕಾ ಬ್ಯಾಂಡ್ ಕೂಡ ಬಂದಿತ್ತು. 2011ರಲ್ಲಿ ನಮ್ಮ ಪ್ಯಾಲೇಸ್ ಗ್ರೌಂಡ್ಸ್‌ಗೆ ಬಂದಾಗ ಕೆಸರಲ್ಲಿ ನಿಂತು ಕೂಗಿದ್ದು ನೆನಪಾಯಿತು. ಸ್ಯಾಬತ್ ಮಾತ್ರ ಬೆಂಗಳೂರಿಗೆ ಬರಲಿಲ್ಲ ಅನ್ನುವುದೇ ಹೊಟ್ಟೆಕಿಚ್ಚು.

ತಂತಿ ಹರಿದವ
ಆ ಕೆಸರಲ್ಲಿ ಚಪ್ಪಲಿ ಕಳೆದುಕೊಂಡವರಲ್ಲಿ ನಾನೂ ಒಬ್ಬ. 2006ರಲ್ಲಿ ಸ್ಯಾಬತ್ ಅನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸುವ ಭಾಷಣ ಮಾಡಿದವರೂ ಮೆಟಾಲಿಕಾದ ಹೆಟ್‌ಫೀಲ್ಡ್ ಮತ್ತು ಉಲ್ರಿಚ್.

ಇಲ್ಲಿವರೆಗಿನದು ಓದಿ ನನಗೆ ಅನಿಸಿದ್ದು, ಬೆರಳು ಅವನ ದಾರಿ ಬದಲಿಸಿತು, ಆದರೆ ವಿಡಿಯೋದವರು ಹೇಳುವ ದಾರಿಯಲ್ಲಿ ಅಲ್ಲ. ಆಕ್ಷೇಪದವರು ಒಪ್ಪುವುದಿಲ್ಲ ಎಂದು ಗೊತ್ತು.

ಎಲ್ಲಕ್ಕೂ ಆಕ್ಷೇಪ
ಒಪ್ಪುವುದಿಲ್ಲ. ಪಿಕಪ್.

ಹಳೇ ಕ್ಯಾಸೆಟ್
ಅದಿರಲಿ, ಟೋನಿ ಮಾರ್ಟಿನ್ ಹಾಡಿದ ಕಾಲದ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ‘ಹೆಡ್‌ಲೆಸ್ ಕ್ರಾಸ್’ 1989, ‘ಟೈರ್’ 1990. ‘ಹೆಡ್‌ಲೆಸ್ ಕ್ರಾಸ್’ನಲ್ಲಿ ಕ್ವೀನ್ ಬ್ಯಾಂಡ್‌ನ ಬ್ರಯಾನ್ ಮೇ ಒಂದು ಸೋಲೋ ನುಡಿಸಿದ್ದಾರೆ. ವರ್ಷಗಟ್ಟಲೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, 2024ರಲ್ಲಿ ಬಾಕ್ಸ್ ಸೆಟ್ ಬಂತು. ಐಯೋಮಿ ಒಬ್ಬನೇ ಬಂಡಿ ಎಳೆದ ಕಾಲ ಅದು. ಓಜಿ ಇಲ್ಲದ್ದೆಲ್ಲ ಕಸ ಎನ್ನುವವರು ಕೇಳಿ ನೋಡಿ.

ಡ್ರಮ್ಮರ್ ಹುಡುಗಿ
ಕೇಳಿದ್ದೇನೆ. ರಿಫ್ ಚಿನ್ನ, ಕೀಬೋರ್ಡ್ ಸದ್ದು ಮದುವೆ ಆರ್ಕೆಸ್ಟ್ರಾ. ಅದಕ್ಕಿಂತ ಗಿಲ್ಲನ್ ಕಾಲದ ಸ್ಟೋನ್‌ಹೆಂಜ್ (ಇಂಗ್ಲೆಂಡಿನ ಪುರಾತನ ಕಲ್ಲುಗಳ ವೃತ್ತ) ಕಥೆ ಮಜಾ. 1983ರಲ್ಲಿ ಸ್ಟೇಜ್ ಮೇಲೆ ಸ್ಟೋನ್‌ಹೆಂಜ್ ಕಲ್ಲು ನಿಲ್ಲಿಸೋಣ ಎಂದರು. ಕಾಗದದಲ್ಲಿ ಅಡಿ ಎಂದು ಇರಬೇಕಾದ ಕಡೆ ಮೀಟರ್ ಆಗಿಹೋಯಿತು. 15 ಅಡಿಯ ಬದಲು 15 ಮೀಟರ್‌ನ ಕಲ್ಲುಗಳು ಲಾರಿಯಲ್ಲಿ ಬಂದಿಳಿದವು. ಹೆಚ್ಚಿನ ಕಡೆ ಸ್ಟೇಜ್ ಮೇಲೆ ಹಿಡಿಸಲೇ ಇಲ್ಲ.

ಪೀಣ್ಯ ಫಿಟ್ಟರ್
ಡ್ರಾಯಿಂಗ್‌ನಲ್ಲಿ ಯೂನಿಟ್ ಬರೆಯದಿದ್ದರೆ ಇನ್ನೇನಾಗುತ್ತದೆ. ನಮ್ಮಲ್ಲಿ ಎಂಎಂ ಜಾಗದಲ್ಲಿ ಇಂಚು ಅಂದುಕೊಂಡು ಒಂದು ಬ್ಯಾಚ್ ಪೂರ್ತಿ ಸ್ಕ್ರ್ಯಾಪ್ ಆಗಿತ್ತು. ಆ ಕಲ್ಲುಗಳನ್ನು ಆಮೇಲೆ ಏನು ಮಾಡಿದರು? ಫೈಬರ್ ಆಗಿದ್ದರೆ ಗುಜರಿಯವನೂ ತೆಗೆದುಕೊಳ್ಳುವುದಿಲ್ಲ.